ಐದಕ್ಕಿಳಿಯದ ಹಾಡು

ನಮ್ಮ ಸಂಗೀತಶಾಸ್ತ್ರದವರು ಹಾಡನ್ನು ಎರಡು ಹೋಳು ಮಾಡಿಟ್ಟಿದ್ದಾರೆ. ಸ್ವರದ ಪಾಲು ಧಾತು, ಸಾಹಿತ್ಯದ ಪಾಲು ಮಾತು. ಧಾತುವನ್ನು ಹಾಗೇ ಇಟ್ಟು ಮಾತು ಬದಲಿಸುವ ಕಸುಬು ಕಂಪನಿ ನಾಟಕದವರಿಗೆ ನೀರು ಕುಡಿದಷ್ಟು ಸಲೀಸಾಗಿತ್ತು. ಅದೇ ಕಸುಬು ಸ್ಪೇನ್ ಮತ್ತು ಫ್ರಾನ್ಸಿನ ನಡುವಿನ ಪಿರನೀಸ್ ಬೆಟ್ಟಸಾಲಿನ ಆಚೆ ಈಚೆ ಹೇಗೆ ನಡೆಯುತ್ತದೆಂದು ನೋಡಲು ಮೆಕಾನೊ ತಂಡದ ಒಂದು ಹಾಡು ಸಾಕು.

ಮೆಕಾನೊ ಎಂದರೆ ಮ್ಯಾಡ್ರಿಡ್ಡಿನ ಮೂವರು. ಹಾಡುತ್ತಿದ್ದವರು ಆನಾ ತೊರ್ರೋಹಾ, ಜೊತೆಗೆ ಹೊಸೆ ಮರಿಯಾ ಕಾನೊ, ನಾಚೊ ಕಾನೊ ಎಂಬ ಅಣ್ಣತಮ್ಮಂದಿರು. ಅವರ 1988ರ ಆಲ್ಬಮ್ಮಿನಲ್ಲಿ ಹೊಸೆ ಮರಿಯಾ ಬರೆದ ‘ಮುಹೇರ್ ಕೊಂತ್ರ ಮುಹೇರ್’ ಇದೆ. ಇಬ್ಬರು ಹೆಂಗಸರ ಪ್ರೀತಿ ಅದರ ವಸ್ತು. ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊ ಸತ್ತು ಆಗಿನ್ನೂ 13 ವರ್ಷ. 1990ರಲ್ಲಿ ಅದೇ ಹಾಡು, ಅದೇ ದನಿಯಲ್ಲಿ, ‘ಯುನ್ ಫಾಮ್ ಅವೆಕ್ ಯುನ್ ಫಾಮ್’ ಆಗಿ ಫ್ರಾನ್ಸಿನ ಜನಪ್ರಿಯ ಹಾಡುಗಳ ಪಟ್ಟಿಯ ತುದಿಗೇರಿತು. ಫ್ರೆಂಚ್ ಮಾತು ಕೂರಿಸಿದವರು ಪಿಯೆರ್ ಗ್ರೋಸ್.

ಹೆಸರಿನಲ್ಲೇ ಒಂದು ಗಂಟಿದೆ. ‘ಮುಹೇರ್’ ಎಂದರೆ ಹೆಂಗಸು; ಫ್ರೆಂಚಿನಲ್ಲಿ ಒಬ್ಬ ಹೆಂಗಸು ‘ಯುನ್ ಫಾಮ್’. ‘ಕೊಂತ್ರ’ ಎಂದರೆ ವಿರುದ್ಧ. ಆದರೆ ಗೋಡೆಗೆ ಒರಗಿದಾಗ, ಒಬ್ಬರನ್ನು ಎದೆಗೆ ಅವಚಿಕೊಂಡಾಗ ಬರುವುದೂ ಅದೇ ಪದ. ಜಗಳವೋ ಅಪ್ಪುಗೆಯೋ ಎಂದು ಒಂದು ಕ್ಷಣ ಕಿವಿ ತಡವರಿಸಬೇಕು, ಹಾಡಿನ ತುಂಟತನವೇ ಅದು. ಫ್ರೆಂಚಿನ ‘ಕೊಂತ್ರ್’ಗೂ ಈ ಎರಡೂ ಅರ್ಥಗಳಿವೆ. ಹಾಗಿದ್ದೂ ಅದನ್ನು ಬಿಟ್ಟು ‘ಜೊತೆ’ ಎಂಬರ್ಥದ ‘ಅವೆಕ್’ ಏಕೆ ಬಂತು?

ಬೆರಳು ಮಡಚಿ ಎಣಿಸಿದರೆ ಗೊತ್ತಾಗುತ್ತದೆ. ಮು-ಹೇರ್-ಕೊಂ-ತ್ರ-ಮು-ಹೇರ್: ಒಟ್ಟು ಆರು ಅಕ್ಷರ, ಗಟ್ಟಿ ಒತ್ತು ಎರಡನೆಯದಕ್ಕೆ ಮತ್ತು ಆರನೆಯದಕ್ಕೆ. ಫ್ರೆಂಚಿನಲ್ಲಿ ‘ಕೊಂತ್ರ್’ ಇಟ್ಟರೆ ಅದರ ಕೊನೆಯ ಸ್ವರಾಕ್ಷರ ಮುಂದಿನ ‘ಯುನ್’ ಎದುರು ಬಿದ್ದುಹೋಗುತ್ತದೆ, ನಮ್ಮ ಲೋಪಸಂಧಿಯ ಹಾಗೆಯೇ. ಯುನ್-ಫಾಮ್-ಕೊಂ-ತ್ರ್ಯುನ್-ಫಾಮ್. ಐದೇ! ಧಾತುವಿನ ಒಂದು ಸ್ವರ ಮಾತಿಲ್ಲದೆ ಅನಾಥವಾಗುತ್ತದೆ. ‘ಅವೆಕ್’ ವ್ಯಂಜನದಲ್ಲಿ ಮುಗಿಯುವುದರಿಂದ ಏನೂ ಲೋಪವಾಗುವುದಿಲ್ಲ. ಯುನ್-ಫಾ-ಮವೆ-… ಅಲ್ಲ, ಹೀಗೆ ಬಿಡಿಸಬೇಕು: ಯುನ್-ಫಾ-ಮ-ವೆಕ್-ಯುನ್-ಫಾಮ್. ಆರಕ್ಕೆ ಆರು, ಒತ್ತೂ ಎರಡು ಮತ್ತು ಆರರ ಮೇಲೆಯೇ. ಇದು ಬೀದಿಯ ಉಚ್ಚಾರದ ಲೆಕ್ಕ. ಹಳೆಯ ಛಂದಸ್ಸಿನವರು ‘ಯುನ್’ ಅನ್ನು ‘ಯು-ನ’ ಎಂದು ಎರಡು ಮಾಡಿ ಎಂಟೆನ್ನುತ್ತಾರೆ. ಪಾಪ್ ಹಾಡಿಗೆ ಬೀದಿಯ ಲೆಕ್ಕವೇ ಲೆಕ್ಕ.

ಆರು ದಕ್ಕಿತು, ಶ್ಲೇಷೆ ಹೋಯಿತು. ಈ ವ್ಯಾಪಾರದಲ್ಲಿ ನಷ್ಟವೇನೂ ಇಲ್ಲ. ‘ಹೆಂಗಸಿಗೆ ಎದುರಾಗಿ ಹೆಂಗಸು’ ಎಂಬುದು ಫ್ರೆಂಚಿನಲ್ಲಿ ಕುಸ್ತಿಯ ಪೋಸ್ಟರಿನಂತೆ ಕೇಳಿಸುವ ಅಪಾಯವಿತ್ತು. ಇನ್ನೊಂದು ಲಾಭವೂ ಉಂಟು: ‘ಫಾಮ್’ ಬರೆಯುವುದು ಎಕಾರದಲ್ಲಿ, ಹೇಳುವುದು ಅಕಾರದಲ್ಲಿ. ಸಾಲಿನ ಕೊನೆಯ ಉದ್ದ ಸ್ವರಕ್ಕೆ ಬಾಯಿ ಅಗಲ ತೆರೆಯುವ ಅಕಾರ ಸಿಕ್ಕರೆ ಹಾಡುವವರಿಗೆ ಅದಕ್ಕಿಂತ ಭಾಗ್ಯವಿಲ್ಲ.

ಈ ಕೆಲಸಕ್ಕೆ ಕೂತವರು ಮೊದಲು ಮಾಡಬೇಕಾದ್ದು ಅನುವಾದವಲ್ಲ. ಮಾತನ್ನೆಲ್ಲ ಒರೆಸಿ ಬರಿಯ ‘ತನನ’ದಲ್ಲಿ ಹಾಡಿ, ಸ್ವರ ಎಣಿಸಿ, ಒತ್ತು ಬೀಳುವಲ್ಲಿ ಗೀಟು ಹಾಕಿಕೊಳ್ಳಬೇಕು. ಆಮೇಲೆ ಪಲ್ಲವಿಯ ಕೊನೆಯ ಸಾಲು, ಅದು ನಿಂತ ಮೇಲೆ ಚರಣ. ಚರಣದಿಂದ ಶುರುಮಾಡಿದವರು ಚೆಂದದ ಸಾಲುಗಳನ್ನೆಲ್ಲ ಮೊದಲೇ ಖರ್ಚು ಮಾಡಿ, ಪಲ್ಲವಿಗೆ ಬರುವಾಗ ಪ್ರಾಸಕ್ಕೆ ಪರದಾಡುತ್ತಾರೆ.

ಸ್ಪ್ಯಾನಿಷಿನ ಬಹುಪಾಲು ಪದಗಳಿಗೆ ಒತ್ತು ಕೊನೆಯಿಂದ ಎರಡನೆಯ ಅಕ್ಷರದ ಮೇಲೆ. ಫ್ರೆಂಚಿನಲ್ಲಿ ಕೊನೆಯದರ ಮೇಲೆ. ಹಾಗಾಗಿ ಸ್ಪ್ಯಾನಿಷ್ ಸಾಲು ಬಾಲ ಅಲ್ಲಾಡಿಸಿ ನಿಲ್ಲುತ್ತದೆ, ಫ್ರೆಂಚ್ ಸಾಲು ಕಾಲೂರಿ ನಿಲ್ಲುತ್ತದೆ. ಇದನ್ನು ಮರೆತು ಬರೆದರೆ ‘ದೆ’, ‘ಲ’ದಂಥ ಬಡಪಾಯಿ ಪದಗಳ ಮೇಲೆ ಡ್ರಮ್ಮಿನ ಪೆಟ್ಟು ಬಿದ್ದು ಕೇಳುವವರಿಗೆ ನಗು ಬರುತ್ತದೆ.

ಹಾಡಿನ ಆರಂಭದಲ್ಲಿ ಇಬ್ಬರೂ ಕೈ ಹಿಡಿದಿರುತ್ತಾರೆ. ಸ್ಪ್ಯಾನಿಷಿನಲ್ಲಿ ಆ ಕೈಗಳು ‘ಮಾಂತೆಲ್’ನ, ಅಂದರೆ ಮೇಜಿನ ಹೊದಿಕೆ ಬಟ್ಟೆಯ ಕೆಳಗಿವೆ. ಫ್ರೆಂಚಿನಲ್ಲಿ ಬಟ್ಟೆ ಹೋಗಿ ಮೇಜೇ ಉಳಿದಿದೆ. ಬಟ್ಟೆಯ ಕೆಳಗಿನ ಕೈಯಲ್ಲಿ ಇದ್ದ ನಯ ಮೇಜಿನ ಕೆಳಗಿನ ಕೈಯಲ್ಲಿಲ್ಲ. ಅದೂ ಅಲ್ಲದೆ ಫ್ರೆಂಚಿನಲ್ಲಿ ‘ಮೇಜಿನಡಿಯದು’ ಎಂದರೆ ಲಂಚ! ನಮ್ಮಲ್ಲೂ ಟೇಬಲ್ ಕೆಳಗೆ ಕೈ ಹೋದರೆ ಯಾರೂ ಪ್ರೇಮವೆಂದು ತಿಳಿಯುವುದಿಲ್ಲ.

ಕೆಲವು ಸಲ ದೇವರೇ ಕೂತು ಪ್ರಾಸ ಜೋಡಿಸಿದಂತಿರುತ್ತದೆ. ಪಲ್ಲವಿಯಲ್ಲಿ ಹಾರುವ ಪಾರಿವಾಳಗಳು ಬರುತ್ತವೆ, ನೆಲಕ್ಕೆ ತಾಗುವಷ್ಟು ಕೆಳಗೆ. ಹಾರಾಟ ‘ವುವೇಲೊ’, ನೆಲ ‘ಸುವೇಲೊ’. ಫ್ರೆಂಚಿನಲ್ಲಿ ಅವೇ ಪದಗಳು ‘ವೋಲ್’, ‘ಸೋಲ್’. ಎರಡೂ ಲ್ಯಾಟಿನ್ ಮಕ್ಕಳು. ಲ್ಯಾಟಿನ್ನಿನ ಒಕಾರ ಸ್ಪೇನಿನಲ್ಲಿ ಒಡೆದು ‘ವೆ’ ಆಯಿತು, ಫ್ರಾನ್ಸಿನಲ್ಲಿ ಹಾಗೇ ಉಳಿದು ಬಾಲ ಮಾತ್ರ ಉದುರಿತು. ಪ್ರಾಸವೂ ಅರ್ಥವೂ ಒಟ್ಟಿಗೆ ಗಡಿ ದಾಟುವುದು ಅಪರೂಪದಲ್ಲಿ ಅಪರೂಪ. ಬೇರೆ ಕಡೆ ಅಷ್ಟು ಅದೃಷ್ಟವಿಲ್ಲ. ಇದೇ ತಂಡದ ‘ಇಹೊ ದೆ ಲಾ ಲೂನಾ’, ಅಂದರೆ ಚಂದ್ರನ ಮಗ, ಫ್ರೆಂಚಿನಲ್ಲಿ ತನ್ನ ಹೆಸರನ್ನೇ ಕಳೆದುಕೊಂಡು, ಪಲ್ಲವಿಯೊಳಗಿನ ‘ಹೇಳು ಬೆಳ್ಳಿ ಚಂದಿರ’ ಎಂಬ ಮಾತನ್ನು ತಲೆಬರಹ ಮಾಡಿಕೊಂಡಿತು.

ಮಾತೆಲ್ಲ ಕೂತ ಮೇಲೂ ಹಾಡುವವರ ಬಾಯಿ ಬಾಕಿ ಇರುತ್ತದೆ. ಸ್ಪ್ಯಾನಿಷಿಗೆ ಅ, ಇ, ಉ ಥರದ ಸ್ವರಧ್ವನಿಗಳು ಐದೇ. ಫ್ರೆಂಚಿನ ಹೆಸರಿನಲ್ಲಿ ಮೊದಲು ಬರುವ ‘ಯುನ್’ನ ಸ್ವರ ಆ ಐದರಲ್ಲಿಲ್ಲ, ಕನ್ನಡದಲ್ಲೂ ಇಲ್ಲ. ತುಟಿಯನ್ನು ಉಕಾರಕ್ಕೆ ದುಂಡಗೆ ಮಾಡಿ, ನಾಲಿಗೆಯನ್ನು ಮಾತ್ರ ಇಕಾರದ ಜಾಗದಲ್ಲಿ ನಿಲ್ಲಿಸಬೇಕು. ತುಟಿ ಸಡಿಲಿದರೆ ‘ಇನ್’ ಆಗುತ್ತದೆ, ನಾಲಿಗೆ ಹಿಂದೆ ಸರಿದರೆ ‘ಉನ್’ ಆಗುತ್ತದೆ. ಹೆಸರಿನೊಳಗೇ ಅದು ಎರಡು ಸಲ ಬರುತ್ತದೆ.

ಎರಡೂ ರೆಕಾರ್ಡುಗಳನ್ನು ಒಂದರ ಹಿಂದೊಂದು ಹಾಕಿ, ಪಾರಿವಾಳದ ಜಾಗಕ್ಕೆ ಬಂದಾಗ ಕಿವಿ ನಿಮಿರಿಸಿ. ‘ವುವೇಲೊ’ಗೆ ಬಾಲವಿದೆ, ‘ವೋಲ್’ಗೆ ಇಲ್ಲ, ಆ ‘ಲೊ’ ಕೂತಿದ್ದ ಜಾಗ ಫ್ರೆಂಚಿನಲ್ಲಿ ಏನಾಯಿತೆಂದು ಕೇಳಿಸಿಕೊಳ್ಳಿ.