ರಾಮನದುರ್ಗದಲ್ಲಿ ಒಂದು ದಿನದ ದೊರೆ

ಮೇ ತಿಂಗಳಲ್ಲಿ ಬಳ್ಳಾರಿಯ ಒಂದೇ ಒಂದು ಲಾಭ ಅಂದರೆ ಸ್ನಾನಕ್ಕೆ ನೀರು ಕಾಯಿಸಬೇಕಿಲ್ಲ. ನಲ್ಲಿ ತಿರುವಿದರೆ ಸಾಕು. ಬ್ರಿಟಿಷರಿಗೆ ಈ ಲಾಭ ಬೇಡವಾಗಿತ್ತು. ಬಳ್ಳಾರಿ ದಂಡಿನಲ್ಲಿ ಬೆಂದು ಕಾಯಿಲೆ ಬಿದ್ದ ಸೈನಿಕರನ್ನು ಸಂಡೂರು ಸಂಸ್ಥಾನದ ರಾಮನದುರ್ಗಕ್ಕೆ ಕಳಿಸುತ್ತಿದ್ದರು. ಸುಮಾರು 3,200 ಅಡಿ ಎತ್ತರದ ಬೆಟ್ಟ. ಬಂಗಲೆ ಕಟ್ಟಿ ತಣ್ಣಗೆ ಕೂತರು. ನಾನ್ಯಾಕೆ ಕೂರಬಾರದು?

ಬರೀ ತಂಪಿಗಲ್ಲ, ಕಲೆಗೂ ಹೊರಟಿದ್ದೆ. ಸಂಡೂರು ರಾಜಮನೆತನದ ಎಂ.ವೈ. ಘೋರ್ಪಡೆಯವರು ರಾಜ್ಯದ ಹಣಕಾಸು ಮಂತ್ರಿಯಾಗಿದ್ದರು, ಕಾಡುಪ್ರಾಣಿಗಳ ಫೋಟೊ ತೆಗೆಯುವುದರಲ್ಲೂ ಹೆಸರು ಮಾಡಿದ್ದರು. ಬಜೆಟ್ ಮಂಡಿಸುವವರಿಗೇ ಪುರುಸೊತ್ತು ಸಿಕ್ಕಿತ್ತು. ನಾನೋ ನಿವೃತ್ತ. ಮೊಮ್ಮಗನ ಬಣ್ಣದ ಡಬ್ಬಿ ಕದ್ದೆ. ಸ್ವೆಟರ್ ಕೂಡ ಇಟ್ಟುಕೊಂಡೆ. ಹೆಂಡತಿ ಅದನ್ನು ನೋಡಿ ಏನೂ ಅನ್ನಲಿಲ್ಲ. ಅದೇ ಅಪಾಯದ ಸೂಚನೆ.

1934ರಲ್ಲಿ ಬಂದಿದ್ದ ಗಾಂಧೀಜಿ ‘ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಿ’ ಅಂದಿದ್ದರಂತೆ. ಇಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ನಾಲ್ಕು ತಿಂಗಳು ಕಾಯುವ ತಾಳ್ಮೆ ನನಗಿರಲಿಲ್ಲ. ಬೆಟ್ಟ ಕಾಣುತ್ತಲೇ ತಂಗಾಳಿ ಬರಲಿ ಅಂತ ಕಾರಿನ ಕಿಟಕಿ ಇಳಿಸಿದೆ. ಮುಂದೆ ಅದಿರಿನ ಲಾರಿ ಹೋಗುತ್ತಿತ್ತು.

“ರೀ, ಕಿಟಕಿ ಏರಿಸ್ರೀ!”

ಏರಿಸುವಷ್ಟರಲ್ಲಿ ನನ್ನ ಬಿಳಿ ಶರ್ಟು, ಹಿಂದಿನ ಸೀಟಿನ ಬಿಳಿ ಹಾಳೆಗಳು, ಹೆಂಡತಿಯ ಮುಖ ಎಲ್ಲವೂ ಕೆಂಪಾಗಿದ್ದವು. ಮುಖ ಮಾತ್ರ ಧೂಳಿನಿಂದಲ್ಲ.

ಮೇಲೆ ಬಂಗಲೆ ಹುಡುಕಿದರೆ ಸಿಕ್ಕಿದ್ದು ಮೊಂಡು ಗೋಡೆಗಳು. ದೊರೆಗಳ ವಾರಸುದಾರರಂತೆ ಕೋತಿಗಳು ಕೂತಿದ್ದವು. ನಾನು ಕುಂಚ ತೆಗೆದೆ, ಅವು ಮಿರ್ಚಿಯ ಪೊಟ್ಟಣ ತೆಗೆದವು. ಒಗ್ಗರಣೆ ಮಂಡಕ್ಕಿಯನ್ನು ನಮಗೇ ಬಿಟ್ಟವು, ಪುಣ್ಯ. ಮಿರ್ಚಿಯಿಲ್ಲದ ಒಗ್ಗರಣೆ ತಿಂದು ಕಲೆ ಮಾಡುವುದು ಸುಲಭವಲ್ಲ. ಆದರೂ ಹಸಿರು ಬೆಟ್ಟ ಬರೆದೆ. ಅದಿರಿನ ಹಾಳೆಯ ಮೇಲೆ ಹಸಿರು ಬಿದ್ದು ಅದು ಹಳೇ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿತು. ಸ್ವೆಟರನ್ನು ಕೈ ಒರೆಸಲು ಬಳಸಿದೆ.

ವಾಪಸು ಬರುವಾಗ ಸಂಡೂರಿನಲ್ಲಿ ಲಂಬಾಣಿ ಕಸೂತಿ ನೋಡಲು ನಿಲ್ಲಿಸಿದೆವು. ಊರಿನ ಹೆಸರಿಗೇ ಸಲ್ಲುವ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಕಸೂತಿ ಅದು. ಕನ್ನಡಿ ಚೂರು, ಕವಡೆ, ಬಣ್ಣದ ದಾರ. ಹೊಲಿಯುತ್ತಿದ್ದ ಅಮ್ಮನ ಕೈಯಲ್ಲಿ ಸೂಜಿ ಓಡುತ್ತಿತ್ತು, ಕಣ್ಣು ಮಾತ್ರ ನನ್ನ ಚಿತ್ರದ ಮೇಲೆ.

“ಯಪ್ಪಾ, ಇದರಾಗ ಮ್ಯಾಲ ಯಾವುದು, ಕೆಳಗ ಯಾವುದು?”

ನನ್ನಾಕೆ ಅಷ್ಟು ನಕ್ಕಿದ್ದನ್ನು ಇತ್ತೀಚೆಗೆ ನೋಡಿರಲಿಲ್ಲ. ಒಂದು ಚೀಲ ಕೊಂಡಳು. ಚಿತ್ರವನ್ನು ಮಡಚಿ ಅದರೊಳಗೆ ಹಾಕಿದಳು. ಈಗ ನಮ್ಮ ನಡುಮನೆಯ ಗೋಡೆಯಲ್ಲಿ ಆ ಚೀಲ ನೇತಾಡುತ್ತಿದೆ. ಬಂದವರೆಲ್ಲ ಹೊಗಳುತ್ತಾರೆ. ಚಿತ್ರ ಇನ್ನೂ ಒಳಗೇ ಇದೆ.