ಲುಸಿಟಾನಿಯಾ ಮುಳುಗಿದ ಕೂಡಲೇ ಅಮೆರಿಕ ಯುದ್ಧಕ್ಕೆ ಇಳಿಯಲಿಲ್ಲ

'ಜರ್ಮನಿ ಲುಸಿಟಾನಿಯಾ ಹಡಗು ಮುಳುಗಿಸಿತು, ಕೂಡಲೇ ಅಮೆರಿಕ ಮೊದಲ ಮಹಾಯುದ್ಧಕ್ಕೆ ಧುಮುಕಿತು' ಅನ್ನೋ ಮೆಸೇಜ್ ಓಡಾಡುತ್ತಿದೆ. ಇದು ತಪ್ಪು. ಬ್ರಿಟನ್ನಿನ ಈ ಪ್ರಯಾಣಿಕರ ಹಡಗು ಮುಳುಗಿದ್ದು 1915ರ ಮೇ 7ರಂದು, ನೂರಕ್ಕೂ ಜಾಸ್ತಿ ಅಮೆರಿಕನ್ನರು ಸತ್ತಿದ್ದೂ ನಿಜ. ಆದರೆ ಯುದ್ಧ ಘೋಷಣೆಯಾಗಿದ್ದು 1917ರ ಏಪ್ರಿಲ್ 6ರಂದು, ಹೆಚ್ಚುಕಮ್ಮಿ ಎರಡು ವರ್ಷ ಆದ ಮೇಲೆ. ನಡುವೆ 1916ರ ಚುನಾವಣೆಯಲ್ಲಿ ಅಧ್ಯಕ್ಷ ವಿಲ್ಸನ್ ಪರ ಪ್ರಚಾರ ನಡೆದದ್ದೇ 'ನಮ್ಮನ್ನು ಯುದ್ಧದಿಂದ ದೂರ ಇಟ್ಟವರು' ಅಂತ, ಗೆದ್ದೂ ಬಿಟ್ಟರು!

ಹಾಗಾದರೆ ಅಮೆರಿಕ ಯುದ್ಧಕ್ಕೆ ಇಳಿದದ್ದು ಯಾಕೆ? 1917ರ ಫೆಬ್ರವರಿಯಿಂದ ಜರ್ಮನಿ ತಟಸ್ಥ ದೇಶಗಳ ಹಡಗುಗಳನ್ನೂ ಬಿಡದೆ ಸಬ್‌ಮರೀನ್ ದಾಳಿಗೆ ಇಳಿಯಿತು. ಜೊತೆಗೆ, ಅಮೆರಿಕ ಯುದ್ಧಕ್ಕೆ ಬಂದರೆ ನಮ್ಮ ಕಡೆ ಸೇರಿ, ಟೆಕ್ಸಾಸ್ ವಾಪಸ್ ಪಡೆಯಿರಿ ಅಂತ ಮೆಕ್ಸಿಕೊಗೆ ಆಸೆ ತೋರಿಸಿ ಜರ್ಮನಿಯ ವಿದೇಶಾಂಗ ಸಚಿವ ಜಿಮ್ಮರ್‌ಮನ್ ಕಳಿಸಿದ್ದ ಗುಪ್ತ ಟೆಲಿಗ್ರಾಂ ಬಯಲಾಯಿತು. ಯುದ್ಧ ಘೋಷಿಸಿ ಅಂತ ಏಪ್ರಿಲ್ 2ರಂದು ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಮುಂದೆ ವಿಲ್ಸನ್ ಮಾಡಿದ ಭಾಷಣದಲ್ಲಿ ಈ ಎರಡೂ ಇವೆ. ಸುಮ್ನೆ ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ.