ಆ ಒಂದು ಹಿಟ್

ನಿನ್ನೆ ಸಂಜೆ ಮನೆಗೆ ಬಂದಿದ್ದ ಗೆಳೆಯರ ಮಗ ಫೋನನ್ನು ನನ್ನ ಮುಖದ ಮುಂದೆ ಹಿಡಿದ. "ಅಂಕಲ್, ನೀವು ಪರ್ಫೆಕ್ಟ್ ಗೇಮ್ ಅಂತೀರಿ, ಇಲ್ಲಿ ಒಂದು ಹಿಟ್ ಇದೆಯಲ್ಲ?"

ಒಂದು ಬೇಸ್‌ಬಾಲ್ ಪಂದ್ಯದ ಬಾಕ್ಸ್ ಸ್ಕೋರ್, ಅಂದರೆ ಅಂಕಪಟ್ಟಿ, ತೆಗೆದಿದ್ದ. 2010ರ ಜೂನ್ 2, ಡೆಟ್ರಾಯಿಟ್ ಟೈಗರ್ಸ್ 3, ಕ್ಲೀವ್‌ಲ್ಯಾಂಡ್ ಇಂಡಿಯನ್ಸ್ 0. ಟೈಗರ್ಸ್ ಪಿಚರ್ (ಚೆಂಡು ಎಸೆಯುವವನು) ಅರ್ಮಾಂಡೊ ಗಲರಾಗಾ: 9 ಇನ್ನಿಂಗ್ಸ್, 1 ಹಿಟ್, 0 ರನ್, 0 ವಾಕ್, 3 ಸ್ಟ್ರೈಕೌಟ್. ಎಸೆದದ್ದು 88 ಚೆಂಡು.

ಹುಡುಗನದ್ದೇನೂ ತಪ್ಪಿಲ್ಲ. ಅಲ್ಲಿ ಬರೆದಿದ್ದನ್ನೇ ಓದಿದ. ನನಗೆ ಸಂಕಟ ಆಗಿದ್ದೇ ಅದಕ್ಕೆ.

ಇಲ್ಲಿ ಮಿಶಿಗನ್‌ಗೆ ಬಂದ ಮೇಲೆ ನನಗೆ ಹಿಡಿದ ಬೇಸ್‌ಬಾಲ್ ಹುಚ್ಚು ನಿಮಗೆಲ್ಲ ಗೊತ್ತು. ಗೊತ್ತಿಲ್ಲದವರಿಗೆ ಹೇಳಬೇಕಾದ್ದು ಇಷ್ಟೇ. 27 ಜನ ಬ್ಯಾಟಿಗೆ ಬರಬೇಕು, 27 ಜನರೂ ಔಟಾಗಬೇಕು, ಒಬ್ಬನೂ ಮೊದಲ ಬೇಸ್ ಮುಟ್ಟಬಾರದು. ಅದು ಪರ್ಫೆಕ್ಟ್ ಗೇಮ್. ನೂರು ವರ್ಷ ದಾಟಿದ ಟೈಗರ್ಸ್ ತಂಡದ ಒಬ್ಬ ಪಿಚರ್‌ಗೂ ಇವತ್ತಿನವರೆಗೆ ಅದು ಸಿಕ್ಕಿಲ್ಲ.

ಅವತ್ತು 26 ಜನ ಔಟಾಗಿದ್ದರು. 27ನೆಯವನು ಜೇಸನ್ ಡೊನಾಲ್ಡ್. ಹೊಡೆದ ಚೆಂಡು ನೆಲದ ಮೇಲೆ ಉರುಳಿತು. ಮೊದಲ ಬೇಸ್ ಕಾಯುತ್ತಿದ್ದ ಮಿಗೆಲ್ ಕಬ್ರೇರಾ ಬಲಕ್ಕೆ ಓಡಿ ಹಿಡಿದು ಎಸೆದ. ಮೊದಲ ಬೇಸಿಗೆ ಓಡಿಬಂದಿದ್ದ ಗಲರಾಗಾ ಹಿಡಿದ. ಚೆಂಡು ಗ್ಲೌಸಿನಲ್ಲಿ, ಕಾಲು ಬೇಸಿನ ಮೇಲೆ, ಡೊನಾಲ್ಡ್ ಇನ್ನೂ ಒಂದು ಹೆಜ್ಜೆ ಹಿಂದೆ. ಅಂಪೈರ್ ಜಿಮ್ ಜಾಯ್ಸ್ ಎರಡೂ ಕೈ ಅಗಲಿಸಿದರು. ಸೇಫ್. ಅಂದರೆ ಔಟಲ್ಲ. ಅದೇ ಆ ಒಂದು ಹಿಟ್.

ಗಲರಾಗಾ ಸುಮ್ನೆ ನಕ್ಕ. ಕೂಗಾಡಲಿಲ್ಲ. ವಾಪಸ್ ಹೋಗಿ ಮುಂದಿನವನನ್ನು ಔಟ್ ಮಾಡಿ ಪಂದ್ಯ ಮುಗಿಸಿದ. ರೀಪ್ಲೇ ನೋಡಿದ ಜಾಯ್ಸ್ ತಪ್ಪು ನನ್ನದೇ ಅಂತ ಒಪ್ಪಿಕೊಂಡರು. ಮರುದಿನ ಗಲರಾಗಾ ಲೈನಪ್ ಕಾರ್ಡ್ (ಆಟಗಾರರ ಪಟ್ಟಿ) ತಂದು ಅವರ ಕೈಗಿಟ್ಟಾಗ ಅತ್ತರು. ಎಷ್ಟು ಸಲ ನೋಡಿದರೂ ಅಲ್ಲಿ ನನ್ನ ಕಣ್ಣೂ ತುಂಬುತ್ತದೆ.

ಆದರೂ ಆ ಒಂದು ಹಿಟ್ ಹಾಗೇ ಇದೆ. ಆಗ ಬೇಸ್‌ಬಾಲ್‌ನ ಮುಖ್ಯಸ್ಥರಾಗಿದ್ದ ಕಮಿಷನರ್ ಬಡ್ ಸೆಲಿಗ್ ತೀರ್ಪು ಬದಲಿಸಲಿಲ್ಲ. ಇಂಥ ತೀರ್ಪುಗಳಿಗೆ ವಿಡಿಯೋ ಪರಿಶೀಲನೆ ಬಂದದ್ದು 2014ರಲ್ಲಿ.

"ಒಂದನ್ನು ತಿದ್ದಿದರೆ ಎಲ್ಲವನ್ನೂ ತಿದ್ದಬೇಕಾಗುತ್ತೆ" ಅನ್ನುವವರಿದ್ದಾರೆ. ಒಪ್ಪಲ್ಲ. 1983ರಲ್ಲಿ ಜಾರ್ಜ್ ಬ್ರೆಟ್‌ನ ಹೋಮ್ ರನ್ ಅನ್ನು ಅಂಪೈರ್‌ಗಳು ರದ್ದು ಮಾಡಿದಾಗ ಲೀಗ್ ಅಧ್ಯಕ್ಷರೇ ಅದನ್ನು ವಾಪಸ್ ಕೊಟ್ಟು, ಉಳಿದ ಆಟವನ್ನು ಮುಂದಿನ ತಿಂಗಳು ಆಡಿಸಿದರು. ಕಪ್ಪು ಆಟಗಾರರನ್ನು ದೊಡ್ಡ ಲೀಗ್‌ಗಳಿಂದ ಹೊರಗಿಟ್ಟಿದ್ದ ಕಾಲದಲ್ಲಿ ಅವರು ಆಡಿದ ನೀಗ್ರೋ ಲೀಗ್‌ಗಳ ಅಂಕಿಅಂಶವನ್ನು 2024ರಲ್ಲಿ ಅಧಿಕೃತ ದಾಖಲೆಗೆ ಸೇರಿಸಿದರು. ಟೈಗರ್ಸ್‌ನ ಟೈ ಕಾಬ್‌ನ .367 ಬ್ಯಾಟಿಂಗ್ ಸರಾಸರಿ ಮೊದಲ ಸ್ಥಾನದಿಂದ ಕೆಳಗಿಳಿಯಿತು, ಆ ಲೀಗ್‌ಗಳಲ್ಲಿ ಆಡಿದ ಜಾಶ್ ಗಿಬ್ಸನ್‌ನ .372 ಮೇಲೆ ಬಂತು. ಗಿಬ್ಸನ್ ತೀರಿಕೊಂಡದ್ದು 1947ರಲ್ಲಿ. ಅಷ್ಟು ಹಳೆಯ ಅನ್ಯಾಯ ತಿದ್ದಿದರು, ತುಂಬಾ ಸರಿ ಮಾಡಿದರು. ಹಾಗಿದ್ದರೆ ಇದನ್ನೇಕೆ ತಿದ್ದಬಾರದು? ಇಲ್ಲಿ ಗೆದ್ದವರು ಸೋತವರು ಯಾರೂ ಬದಲಾಗಲ್ಲ. 28ನೆಯವನನ್ನು ಅಳಿಸಿದರೆ ಸಾಕು.

ಒಂದು ವಿಷಯ ಯಾರಿಗೂ ಹೇಳಿರಲಿಲ್ಲ. ಹಾಸ್ಟೆಲ್ ಟೂರ್ನಿಯಲ್ಲಿ ನಾನು ಸ್ಕೋರರ್. ಒಬ್ಬನ ಬೌಂಡರಿಯನ್ನು ಇನ್ನೊಬ್ಬನ ಹೆಸರಿಗೆ ಬರೆದುಬಿಟ್ಟೆ. ಪುಸ್ತಕದಲ್ಲಿ ಅವನದು 47ಕ್ಕೆ ನಿಂತಿತು. ಗೊತ್ತಾದ ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಇಬ್ಬರು ಕ್ಯಾಪ್ಟನ್‌ಗಳನ್ನೂ ಎಬ್ಬಿಸಿ, ಅವರ ಮುಂದೆಯೇ 51 ಅಂತ ತಿದ್ದಿದೆ. ಸುದ್ದಿ ಕೇಳಿ ಅವನು ಮೆಸ್ಸಿನಿಂದ ಓಡಿಬಂದು ಆ ಪುಟದ ಮೇಲೆ ಬೆರಳಿಟ್ಟು ನೋಡಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಹುಡುಗನಿಗೆ ನಿನ್ನೆ ವಿಡಿಯೋ ತೋರಿಸಿದೆ. ಮೂರು ಸಲ ನೋಡಿದ. ಆಮೇಲೆ ಬಾಕ್ಸ್ ಸ್ಕೋರ್ ಪ್ರಿಂಟ್ ತೆಗೆದು, ಡೊನಾಲ್ಡ್ ಸಾಲಿನ 1 ಹೊಡೆದುಹಾಕಿ ಪಕ್ಕದಲ್ಲಿ ಪೆನ್ಸಿಲಿನಲ್ಲಿ 3-1 ಅಂತ ಬರೆದುಕೊಟ್ಟೆ. ಅಂದರೆ, ಮೊದಲ ಬೇಸಿನವನು (3) ಪಿಚರ್‌ಗೆ (1) ಎಸೆದ, ಔಟ್. ಮಡಚಿ ಜೇಬಿಗೆ ಹಾಕಿಕೊಂಡು ಹೋದ.